1969ರ ಕಮಾರೋ ಝೆಡ್/28: ಅಸಲಿಯೋ, ವೇಷವೋ? ಕೊಳ್ಳುವ ಮುಂಚೆ ನೋಡಬೇಕಾದ್ದು

ಆಗಸ್ಟ್ ಬಂತೆಂದರೆ ನನ್ನ ಫೋನಿಗೆ ಒಂದೇ ತರದ ಫೋಟೋಗಳು ಬರಲು ಶುರುವಾಗುತ್ತವೆ. ಆ ತಿಂಗಳ ಮೂರನೇ ಶನಿವಾರ ಡೆಟ್ರಾಯ್ಟ್ ಪಕ್ಕದ ವುಡ್‌ವರ್ಡ್ ಅವೆನ್ಯೂದಲ್ಲಿ ಹಳೆ ಕಾರುಗಳ ಡ್ರೀಮ್ ಕ್ರೂಸ್ ನಡೆಯುತ್ತದೆ. ಇಲ್ಲಿನ ನಮ್ಮ ಕನ್ನಡದವರೂ ಮಕ್ಕಳನ್ನು ಕರೆದುಕೊಂಡು ನೋಡಲು ಹೋಗುತ್ತಾರೆ. ಯಾವುದೋ ಕಿತ್ತಳೆ ಬಣ್ಣದ ಕಮಾರೋ (ಷೆವ್ರಲೆ ಕಂಪನಿಯ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು), ಬಾನೆಟ್ ಮೇಲೆ ಎರಡು ದಪ್ಪ ಪಟ್ಟಿ, ಗಾಜಿನ ಮೇಲೆ ‘ಮಾರಾಟಕ್ಕಿದೆ’ ಚೀಟಿ. ಫೋಟೋ ಕೆಳಗೆ ಒಂದೇ ಪ್ರಶ್ನೆ: ‘ಇದು ಒರಿಜಿನಲ್ ಝೆಡ್/28 ಹೌದಾ?’

ಫೋಟೋ ನೋಡಿ ಹೇಳಲು ಆಗುವುದಿಲ್ಲ. ಬ್ಯಾಡ್ಜು, ಪಟ್ಟಿ, ಹಿಂದಿನ ಸ್ಪಾಯ್ಲರ್, ಉಬ್ಬಿದ ಬಾನೆಟ್, ಚಕ್ರ ಎಲ್ಲವೂ ಹೊಸದಾಗಿ ಕೊಳ್ಳಲು ಸಿಗುತ್ತವೆ. ಸಾಧಾರಣ ಕಮಾರೋವನ್ನು ಝೆಡ್/28 ತರ ಕಾಣಿಸುವುದು ಕೆಲವು ವಾರಾಂತ್ಯಗಳ ಕೆಲಸ. ಹೀಗೆ ವೇಷ ಹಾಕಿದ ಕಾರಿಗೆ ‘ಕ್ಲೋನ್’ ಎನ್ನುತ್ತಾರೆ. ಕ್ಲೋನ್ ಎಂದೇ ಹೇಳಿ, ಆ ಬೆಲೆಗೇ ಮಾರಿದರೆ ನನಗೇನೂ ತಕರಾರಿಲ್ಲ. ಓಡಿಸುವ ಖುಷಿಗೆ ಅದೂ ಸಾಕು. ಅಸಲಿಯ ಬೆಲೆ ಕೇಳಿದಾಗ ಮಾತ್ರ ಈ ಲೇಖನ ಕೈಯಲ್ಲಿರಲಿ.

1969ರಲ್ಲಿ ಷೆವ್ರಲೆ ಸುಮಾರು 2,43,000 ಕಮಾರೋ ಮಾಡಿತು. ಅದರಲ್ಲಿ ಝೆಡ್/28 ಆಗಿ ಹೊರಬಂದದ್ದು 20,302. ಅಂದರೆ ಹನ್ನೆರಡಕ್ಕೆ ಒಂದು. ಹೆಸರೇನೋ ಜೋರಾಗಿದೆ, ಆದರೆ ಮೂಲದಲ್ಲಿ ಅದು ಆರ್ಡರ್ ಫಾರಂನಲ್ಲಿದ್ದ ಒಂದು ಆಪ್ಷನ್ ಸಂಖ್ಯೆ ಅಷ್ಟೇ. ಆ ಸಂಖ್ಯೆಗೆ ಗುರುತು ಹಾಕಿದರೆ 302 ಘನ ಇಂಚಿನ ವಿ8 ಇಂಜಿನ್, ಬಿಗಿ ಸಸ್ಪೆನ್ಷನ್, ಮುಂದೆ ಡಿಸ್ಕ್ ಬ್ರೇಕ್ ಬರುತ್ತಿದ್ದವು. 302 ಯಾಕೆ? ಟ್ರಾನ್ಸ್-ಆ್ಯಮ್ ರೇಸಿನಲ್ಲಿ 305 ಘನ ಇಂಚು ದಾಟುವಂತಿರಲಿಲ್ಲ, ಅದಕ್ಕೆ. 

ಜೊತೆಗೆ ಒಯ್ಯಬೇಕಾದ್ದು

ಒಳ್ಳೆ ಟಾರ್ಚ್, ಹಿಡಿಕೆ ಇರುವ ಸಣ್ಣ ಕನ್ನಡಿ, ಹಳೆ ಹಲ್ಲುಜ್ಜುವ ಬ್ರಷ್, ಎಣ್ಣೆ ಜಿಡ್ಡು ತೆಗೆಯುವ ದ್ರಾವಣ, ಬಟ್ಟೆ, ಫ್ರಿಜ್ಜಿಗೆ ಅಂಟಿಸುವ ಆಯಸ್ಕಾಂತ, ತೆಳು ಬಿಳಿ ಕಾಗದ, ಮೆತ್ತನೆ ಪೆನ್ಸಿಲ್. ಕಾಗದ, ಪೆನ್ಸಿಲ್ ಯಾಕೆಂದು ನಮ್ಮೂರಿನವರಿಗೆ ಹೇಳಬೇಕಿಲ್ಲ. ಆರ್‌ಟಿಒ ಕೆಲಸಕ್ಕೆ ಚಾಸಿ ನಂಬರ್ ಮೇಲೆ ಕಾಗದ ಇಟ್ಟು ಉಜ್ಜಿ ಅಚ್ಚು ತೆಗೆಯುತ್ತಾರಲ್ಲ, ಅದೇ ವಿದ್ಯೆ. ಓಡಿಸಿ ನೋಡುವುದಾದರೆ ಮಲ್ಟಿಮೀಟರ್, ಟೈಮಿಂಗ್ ಲೈಟ್, ಒಂದು ಸಣ್ಣ ಅಗ್ನಿಶಾಮಕ ಸಿಲಿಂಡರ್ ಕೂಡ ಇರಲಿ.

ಉಪ್ಪುಕಾಗದ, ತಂತಿ ಬ್ರಷ್ ಬೇಡವೇ ಬೇಡ. ಕಾರಣ 4ನೇ ಹಂತದಲ್ಲಿದೆ.

1. ಮನೆಯಲ್ಲೇ ಕೂತು ವಿನ್ ನೋಡಿ

‘ವಿನ್’ ಅಂದರೆ ಕಾರಿನ ಗುರುತಿನ ಸಂಖ್ಯೆ. ನೂರಾರು ಮೈಲಿ ಓಡಿಸಿಕೊಂಡು ಹೋಗುವ ಮೊದಲು ಫೋನಿನಲ್ಲೇ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಗೇ ಬಿಡಿ.

17 ಅಕ್ಷರದ ವಿನ್ ಬಂದದ್ದು 1981ರ ಮಾಡೆಲ್‌ನಿಂದ. 1969ರ ಕಮಾರೋಗೆ 13 ಅಕ್ಷರ. ಇಂಟರ್‌ನೆಟ್ಟಿನ ಸಾಮಾನ್ಯ ವಿನ್ ತಪಾಸಣೆಗೆ ಹಾಕಿದರೆ ‘ತಪ್ಪು ಸಂಖ್ಯೆ’ ಎಂದು ಬರುತ್ತದೆ. ಗಾಬರಿಯಾಗಬೇಡಿ. ಕೈಯಿಂದಲೇ ಓದಬಹುದು.

ಉದಾಹರಣೆಗೆ 1-24-37-9-ಎನ್ ಎಂದು ಶುರುವಾಗಿ ಮುಂದೆ ಆರು ಅಂಕಿ ಇದೆ ಎಂದುಕೊಳ್ಳಿ. ಮೊದಲ 1 ಅಂದರೆ ಷೆವ್ರಲೆ. 24 ಅಂದರೆ ವಿ8 ಇಂಜಿನಿನ ಕಮಾರೋ. ಅಲ್ಲಿ 23 ಇದ್ದರೆ ಆರು ಸಿಲಿಂಡರಿನದು. 37 ಅಂದರೆ ಗಟ್ಟಿ ಮೇಲ್ಛಾವಣಿಯ ಕೂಪೆ, 67 ಅಂದರೆ ಮಡಚುವ ಮೇಲ್ಛಾವಣಿಯ ಕನ್ವರ್ಟಿಬಲ್. 9 ಅಂದರೆ 1969. ಎನ್ ಅಂದರೆ ಒಹಾಯೋದ ನಾರ್‌ವುಡ್ ಕಾರ್ಖಾನೆ, ಎಲ್ ಅಂದರೆ ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್. ಕೊನೆಯ ಆರು ಅಂಕಿ ಸರದಿ ಸಂಖ್ಯೆ. 1969ಕ್ಕೆ ಅದು 5ರಿಂದ ಶುರು.

ಗಮನಿಸಿದಿರಾ? ಝೆಡ್/28 ಎಂದು ಎಲ್ಲೂ ಬರಲಿಲ್ಲ. ‘ವಿನ್ ನೋಡಿ ಸಾರ್, ಒರಿಜಿನಲ್ ಝೆಡ್/28’ ಎಂದು ಯಾರಾದರೂ ಹೇಳಿದರೆ ಅವರಿಗೆ ಗೊತ್ತಿಲ್ಲ, ಇಲ್ಲವೇ ನಿಮಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ. ‘ಹೌದು’ ಅನ್ನಲು ವಿನ್ ಸಾಲದು. ‘ಅಲ್ಲ’ ಅನ್ನಲು ಮಾತ್ರ ಕೆಲವೊಮ್ಮೆ ಸಾಕು:

- 23 ಇದ್ದರೆ ಅಲ್ಲ.
- 67 ಇದ್ದರೆ ಅಲ್ಲ. 1969ರ ಝೆಡ್/28 ಕೂಪೆಯಲ್ಲಿ ಮಾತ್ರ ಸಿಗುತ್ತಿತ್ತು.

ಫೋನಿನಲ್ಲೇ ಇನ್ನೆರಡು ಪ್ರಶ್ನೆ ಕೇಳಿಬಿಡಿ. ಕಾರ್ಖಾನೆಯಿಂದಲೇ ಎಸಿ ಬಂದಿತ್ತಾ? ಆಟೊಮ್ಯಾಟಿಕ್ ಗೇರಾ? ‘ಹೌದು, ಎರಡೂ ಒರಿಜಿನಲ್’ ಎಂದು ಹೆಮ್ಮೆಯಿಂದ ಹೇಳಿದರೆ ಪೆಟ್ರೋಲ್ ಉಳಿಯಿತು. ಝೆಡ್/28ಕ್ಕೆ ನಾಲ್ಕು ಗೇರಿನ ಮ್ಯಾನುಯಲ್ ಕಡ್ಡಾಯ, ಎಸಿ ಕೊಡುತ್ತಲೇ ಇರಲಿಲ್ಲ.

2. ವಿನ್ ತಗಡು ಮತ್ತು ಅದರ ರಿವೆಟ್

ಕಾರಿನ ಹತ್ತಿರ ಹೋದ ಮೇಲೆ ಮೊದಲು ಇದು. ತಗಡು ಡ್ಯಾಶ್‌ಬೋರ್ಡಿನ ಮೇಲೆ, ಡ್ರೈವರ್ ಕಡೆ, ಮುಂದಿನ ಗಾಜಿನಿಂದ ಕಾಣುತ್ತದೆ. 1967ರ ಕಮಾರೋದಲ್ಲಾದರೆ ಬಾಗಿಲಿನ ಕೀಲಿನ ಕಂಬದ ಮೇಲಿತ್ತು. 1968ರಿಂದ ಡ್ಯಾಶ್ ಮೇಲೆ ಬಂತು.

ತಗಡು ಹಿಡಿದಿರುವ ಎರಡು ರಿವೆಟ್ ನೋಡಿ. ಷೆವ್ರಲೆಯ ಮಾತೃ ಕಂಪನಿ ಜಿಎಂ ಹಾಕುತ್ತಿದ್ದದ್ದು ಆರು ದಳದ ಹೂವಿನ ತರದ ತಲೆಯ ರಿವೆಟ್. ಸಾಧಾರಣ ಪಾಪ್ ರಿವೆಟ್ ಇದ್ದರೆ, ಸ್ಕ್ರೂ ಇದ್ದರೆ, ಸುತ್ತ ಗೋಂದು ಇದ್ದರೆ ಯಾರೋ ಕೈ ಹಾಕಿದ್ದಾರೆ. ಹೂವಿನ ರಿವೆಟ್ ಇದ್ದರೂ ಪೂರ್ತಿ ನೆಮ್ಮದಿ ಬೇಡ. ಅದರ ನಕಲೂ ಬರುತ್ತದೆ.

ಇಲ್ಲಿ ಭಯ ಏನೆಂದರೆ, ತುಕ್ಕು ತಿಂದ ಅಸಲಿ ಕಾರಿನ ತಗಡು ಕಿತ್ತು ಬೇರೆ ಗಟ್ಟಿ ಬಾಡಿಗೆ ಹಾಕಿರಬಹುದು. ಅದು ಬರೀ ಮೋಸವಲ್ಲ, ಅಮೆರಿಕದಲ್ಲಿ ಫೆಡರಲ್ ಅಪರಾಧ. ಪೊಲೀಸರು ಕಾರನ್ನೇ ಎತ್ತಿಕೊಂಡು ಹೋದರೆ ನಿಮ್ಮ ದುಡ್ಡೂ ಹೋಯಿತು. ಹಾಗಾಗಿ ಬಾಡಿಯ ಮೇಲೆ ಒತ್ತಿದ ಅಚ್ಚನ್ನೂ ಹುಡುಕಬೇಕು. ವಿನ್‌ನ ಕೊನೆಯ ಭಾಗವನ್ನು ಕಾರ್ಖಾನೆಯವರು ಎರಡು ಕಡೆ ಬಚ್ಚಿಟ್ಟಿದ್ದಾರೆ: ಗಾಜಿನ ಕೆಳಗೆ ಗಾಳಿ ಒಳಬರುವ ಜಾಲರಿಯ ಅಡಿಯ ಹಲಗೆಯಲ್ಲಿ, ಮತ್ತು ಇಂಜಿನ್ ಕೋಣೆಯ ಹಿಂಗೋಡೆಯಲ್ಲಿ ಹೀಟರ್ ಪೆಟ್ಟಿಗೆಯ ಹಿಂದೆ. ಜಾಲರಿ ಬಿಚ್ಚಲು ಮಾಲೀಕರ ಒಪ್ಪಿಗೆ ಬೇಕು. ದೊಡ್ಡ ಮೊತ್ತ ಕೇಳುತ್ತಿದ್ದರೆ ಒಪ್ಪಿಗೆ ಕೇಳುವುದರಲ್ಲಿ ಸಂಕೋಚ ಯಾಕೆ?

3. ಟ್ರಿಮ್ ಟ್ಯಾಗ್

ಬಾನೆಟ್ ಎತ್ತಿ. ಹಿಂಗೋಡೆಯ ಡ್ರೈವರ್ ಬದಿಯಲ್ಲಿ ಸಣ್ಣ ಲೋಹದ ತಗಡಿದೆ. ಬಾಡಿ, ಬಣ್ಣ, ಸೀಟಿನ ಬಟ್ಟೆ, ತಯಾರಾದ ವಾರ ಎಲ್ಲ ಅದರಲ್ಲಿ. 72 ಅಂದರೆ ಹಗರ್ ಆರೆಂಜ್, ಅಂದರೆ ಆ ಪ್ರಸಿದ್ಧ ಕಿತ್ತಳೆ. ಕಾರು ಕಿತ್ತಳೆಯಿದ್ದು ತಗಡಿನಲ್ಲಿ ಬೇರೆ ಸಂಖ್ಯೆ ಇದ್ದರೆ ಮಧ್ಯದಲ್ಲಿ ಬಣ್ಣ ಬದಲಾಗಿದೆ ಎಂದರ್ಥ. ಡ್ಯಾಶಿನ ಕೆಳಗೆ, ಡಿಕ್ಕಿಯ ಮೂಲೆಯಲ್ಲಿ ಹಳೆ ಬಣ್ಣ ಇಣುಕುತ್ತಿರುತ್ತದೆ.

03ಸಿ ಅಂದರೆ ಮಾರ್ಚ್ ಮೂರನೇ ವಾರ. ತಿಂಗಳು ಮತ್ತು ವಾರ ಮಾತ್ರ, ವರ್ಷ ಇಲ್ಲ. ಇಲ್ಲೇ ಜನ ಎಡವುತ್ತಾರೆ. 1970ರ ಹೊಸ ಮಾಡೆಲ್ ತಡವಾದ್ದರಿಂದ 1969ರ ಕಮಾರೋ ತಯಾರಿಕೆ ಆ ವರ್ಷದ ಶರತ್ಕಾಲದವರೆಗೂ ಎಳೆಯಿತು. ಹಾಗಾಗಿ ‘10’ ಎಂದಿದ್ದರೆ 1968ರ ಅಕ್ಟೋಬರೂ ಆಗಬಹುದು, 1969ರ ಅಕ್ಟೋಬರೂ ಆಗಬಹುದು. ಯಾವುದೆಂದು ವಿನ್‌ನ ಸರದಿ ಸಂಖ್ಯೆ ಹೇಳುತ್ತದೆ: ಚಿಕ್ಕದಾದರೆ ಮೊದಲಿನದು, ದೊಡ್ಡದಾದರೆ ಕೊನೆಯದು.

ನಾರ್‌ವುಡ್‌ನಲ್ಲಿ 1968ರ ಡಿಸೆಂಬರ್ ಸುಮಾರಿನಿಂದ ಈ ತಗಡಿನ ಮೇಲೆ ‘ಎಕ್ಸ್’ ಸಂಕೇತ ಹಾಕತೊಡಗಿದರು. ಎಕ್ಸ್33 ಮತ್ತು ಎಕ್ಸ್77 ಎರಡೂ ಝೆಡ್/28ರ ಗುರುತು. 33 ಇದ್ದರೆ ಹೊರಗಿನ ಅಲಂಕಾರದ ಆಪ್ಷನ್ ಕೂಡ ಇತ್ತು, 77 ಇದ್ದರೆ ಇರಲಿಲ್ಲ. ಜನ ಎಕ್ಸ್33 ಕಂಡರೆ ಕುಣಿದಾಡುತ್ತಾರೆ. ಸ್ವಲ್ಪ ತಡೆಯಿರಿ. ವ್ಯಾನ್ ನೈಸ್ ಕಾರ್ಖಾನೆ ಎಕ್ಸ್ ಸಂಕೇತ ಹಾಕುತ್ತಲೇ ಇರಲಿಲ್ಲ. ವಿನ್‌ನಲ್ಲಿ ಎಲ್, ಟ್ಯಾಗಿನಲ್ಲಿ ಎಕ್ಸ್33 ಇದ್ದರೆ ತಗಡು ಸುಳ್ಳು. ಅದೇ ರೀತಿ ಡಿಸೆಂಬರಿಗೂ ಮೊದಲಿನ ನಾರ್‌ವುಡ್ ಕಾರಿನಲ್ಲಿ ಎಕ್ಸ್ ಸಂಕೇತ ಇಲ್ಲವೆಂದು ಬೇಜಾರಾಗಬೇಕಿಲ್ಲ. ಆಗ ಅದು ಇರಲೇ ಇಲ್ಲ. ಈ ತಗಡನ್ನೂ ಹೊಸದಾಗಿ ಒತ್ತಿಸಿಕೊಳ್ಳಬಹುದು. ಆದ್ದರಿಂದ ಒಂದೇ ಸಾಕ್ಷಿ ನಂಬಿ ಚೆಕ್ ಬರೆಯಬೇಡಿ.

4. ಇಂಜಿನ್ ಪ್ಯಾಡ್: ಎರಡು ಬೆರಳಿನ ಜಾಗ, ಅರ್ಧ ಬೆಲೆ

ಇಡೀ ಪರೀಕ್ಷೆಯಲ್ಲಿ ಹೆಚ್ಚು ಹೊತ್ತು ಕಳೆಯಬೇಕಾದ್ದು ಇಲ್ಲಿ. ಪ್ರಯಾಣಿಕರ ಬದಿಯ ಸಿಲಿಂಡರ್ ಹೆಡ್ ಮುಂದೆ, ಬ್ಲಾಕಿನ (ಇಂಜಿನಿನ ಮುಖ್ಯ ಎರಕದ ಭಾಗ) ಮೇಲೆ, ಚಪ್ಪಟೆಯಾದ ಸಣ್ಣ ಜಾಗವಿದೆ. ಅದೇ ‘ಸ್ಟಾಂಪ್ ಪ್ಯಾಡ್’. ಆಲ್ಟರ್ನೇಟರ್ ಅಡ್ಡ ಬರುತ್ತದೆ. ಕನ್ನಡಿ ಹಿಡಿದರೆ ಕಾಣುತ್ತದೆ. ಜಿಡ್ಡನ್ನು ದ್ರಾವಣ ಹಾಕಿ ಮೆಲ್ಲಗೆ ಒರೆಸಿ.

ಅಲ್ಲಿ ಎರಡು ಸಾಲು ಅಚ್ಚು ಇರುತ್ತದೆ.

ಒಂದು ಇಂಜಿನ್ ಕಾರ್ಖಾನೆಯದು. ವಿ0306ಡಿಝೆಡ್ ಎಂದಿದ್ದರೆ: ವಿ ಅಂದರೆ ಫ್ಲಿಂಟ್ ಕಾರ್ಖಾನೆ, 0306 ಅಂದರೆ ಮಾರ್ಚ್ 6, ಡಿಝೆಡ್ ಅಂದರೆ 1969ರ ಝೆಡ್/28ರ 302 ಇಂಜಿನ್. ಡಿಝೆಡ್ ಬೇರೆ ಯಾವ ಕಮಾರೋಗೂ ಇಲ್ಲ.

ಇನ್ನೊಂದು ಕಾರು ಜೋಡಿಸಿದ ಕಾರ್ಖಾನೆಯದು. 19ಎನ್ ಎಂದು ಶುರುವಾಗಿ ಕಾರಿನ ಸರದಿ ಸಂಖ್ಯೆ ಇರುತ್ತದೆ: 1 ಷೆವ್ರಲೆ, 9 ಇಸವಿ, ಎನ್ ನಾರ್‌ವುಡ್. ಇದು ಡ್ಯಾಶ್ ಮೇಲಿನ ವಿನ್‌ಗೆ ಹೊಂದಬೇಕು. ಹೊಂದಿದರೆ ಆ ಇಂಜಿನ್ ಹುಟ್ಟಿದಾಗಿನಿಂದ ಇದೇ ಕಾರಿನದು. ‘ನಂಬರ್ಸ್ ಮ್ಯಾಚಿಂಗ್’ ಎನ್ನುವುದು ಇದಕ್ಕೇ. ಪ್ಯಾಡಿನಲ್ಲಿ ಎರಡನೇ ಸಾಲು ಕಾಣದಿದ್ದರೆ ಆಯಿಲ್ ಫಿಲ್ಟರ್ ಪಕ್ಕ ನೋಡಿ. ಕೆಲವು ಬ್ಲಾಕಿಗೆ ಅಲ್ಲಿ ಒತ್ತಿದ್ದಾರೆ.

ಈಗ ಮೋಸದ ಮಾತು. ಯಾವುದೋ 350 ಘನ ಇಂಚಿನ ಇಂಜಿನ್ ಬ್ಲಾಕಿನ ಪ್ಯಾಡ್ ತೇಯ್ದು, ಹೊಸ ಅಚ್ಚು ಹೊಡೆಯುವುದು ಕಷ್ಟದ ಕೆಲಸವಲ್ಲ. ಅದನ್ನು ಹಿಡಿಯಲು ಟಾರ್ಚನ್ನು ನೇರ ಮೇಲಿಂದ ಹಿಡಿಯಬೇಡಿ, ಓರೆಯಾಗಿ, ಲೋಹಕ್ಕೆ ತಾಗುವಷ್ಟು ಕೆಳಗೆ ಹಿಡಿಯಿರಿ. ಕಾರ್ಖಾನೆಯಲ್ಲಿ ಬ್ಲಾಕಿನ ಆ ಮೈಯನ್ನು ಕೊರೆದ ಯಂತ್ರ ಮುಂದಿನಿಂದ ಹಿಂದಕ್ಕೆ ಕೂದಲೆಳೆಯಂತಹ ನೇರ ಗೀರುಗಳನ್ನು ಬಿಟ್ಟಿರುತ್ತದೆ. ಇವಕ್ಕೆ ‘ಬ್ರೋಚ್ ಗುರುತು’ ಎನ್ನುತ್ತಾರೆ. ಅಕ್ಷರಗಳ ನಡುವೆ ಆ ಗೀರು ಸಲೀಸಾಗಿ ಓಡಬೇಕು. ಪ್ಯಾಡ್ ಕನ್ನಡಿಯಂತೆ ನುಣುಪಾಗಿದ್ದರೆ, ಸುತ್ತು ಸುತ್ತಾದ ಗೀರಿದ್ದರೆ, ಗೀರು ಅಕ್ಷರದ ಹತ್ತಿರ ಮಾತ್ರ ಮಾಯವಾಗಿದ್ದರೆ ಅನುಮಾನ ಪಡಿ. ನೀವು ಉಪ್ಪುಕಾಗದ ಹಾಕಿ ತಿಕ್ಕಿದರೆ ಈ ಗೀರುಗಳೇ ಅಳಿಸಿಹೋಗುತ್ತವೆ. ಅಸಲಿ ಕಾರನ್ನು ನೀವೇ ಅನುಮಾನದ ಕಾರು ಮಾಡಿದಂತೆ.

ಇನ್ನೊಂದು: ಎರಡು ಸಾಲನ್ನೂ ಬೇರೆ ಬೇರೆ ಊರಿನಲ್ಲಿ ಬೇರೆ ಬೇರೆ ಜನ ಒತ್ತಿದ್ದು. ಆಳ, ಅಳತೆ, ಸಾಲಿನ ನೇರ ಒಂದೇ ತರ ಇರುವುದಿಲ್ಲ. ಎರಡೂ ಒಂದೇ ಕೈಬರಹದಂತೆ ಕಂಡರೆ ಒಂದೇ ಕೈ ಇರಬಹುದು.

ಒಮ್ಮೆ ಒಂದು ಗ್ಯಾರೇಜಿನಲ್ಲಿ ನೋಡಿದ ಪ್ಯಾಡಿಗೆ ಕಿತ್ತಳೆ ಇಂಜಿನ್ ಬಣ್ಣ ದೋಸೆಯಷ್ಟು ದಪ್ಪ ಬಳಿದಿತ್ತು. ಒರೆಸಲು ಕೇಳಿದೆ, ಮಾಲೀಕರು ಬಿಡಲಿಲ್ಲ. ನಮಸ್ಕಾರ ಹೇಳಿ ಬಂದೆ.

ಪ್ಯಾಡಿನಲ್ಲಿ ‘ಸಿಇ’ ಎಂದು ಶುರುವಾಗುವ ಅಚ್ಚಿದ್ದರೆ ಅದು ವಾರಂಟಿಯಲ್ಲಿ ಷೆವ್ರಲೆಯೇ ಕೊಟ್ಟ ಬದಲಿ ಬ್ಲಾಕ್. ಅದು ಮೋಸವಲ್ಲ, ಆದರೆ ನಂಬರ್ಸ್ ಮ್ಯಾಚಿಂಗ್ ಕೂಡ ಅಲ್ಲ. ಚೌಕಾಸಿಗೆ ಒಳ್ಳೆಯದು.

5. ತಾರೀಖುಗಳು ಸರದಿಯಲ್ಲಿ ನಿಲ್ಲಬೇಕು

ಅಚ್ಚು ಹೊಡೆಯುವುದು ಸುಲಭ. ಎರಕದಲ್ಲೇ ಉಬ್ಬಿ ಬಂದ ಅಕ್ಷರ ಬದಲಿಸುವುದು ಅಷ್ಟು ಸುಲಭವಲ್ಲ. ಬ್ಲಾಕಿನ ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಕೂಡುವ ಅಂಚಿನ ಮೇಲೆ, ಪ್ರಯಾಣಿಕರ ಬದಿಗೆ ಎರಕದ ತಾರೀಖಿದೆ. ಡ್ರೈವರ್ ಬದಿಗೆ ಎರಕದ ಸಂಖ್ಯೆ. ಕತ್ತಲೆ ಜಾಗ, ಕನ್ನಡಿ ಮತ್ತೆ ಬೇಕು.

ಬಿ 24 9 ಎಂದಿದ್ದರೆ ಬಿ ಅಂದರೆ ಫೆಬ್ರವರಿ, 24ನೇ ತಾರೀಖು, 9 ಅಂದರೆ 1969. ಈಗ ಸಾಲಾಗಿ ಬರೆದುಕೊಳ್ಳಿ:

ಬ್ಲಾಕ್ ಎರಕ – ಫೆಬ್ರವರಿ 24
ಇಂಜಿನ್ ಜೋಡಣೆ – ಮಾರ್ಚ್ 6
ಬಾಡಿ – ಮಾರ್ಚ್ ಮೂರನೇ ವಾರ

ಈ ಸರದಿ ನಂಬುವಂತಿದೆ. ಒಂದಕ್ಕೂ ಇನ್ನೊಂದಕ್ಕೂ ಸಾಮಾನ್ಯವಾಗಿ ಕೆಲವು ದಿನದಿಂದ ಕೆಲವು ವಾರದ ಅಂತರ. ಎರಕ ಏಪ್ರಿಲ್, ಜೋಡಣೆ ಮಾರ್ಚ್ ಎಂದಿದ್ದರೆ ಮಗು ಹುಟ್ಟುವ ಮೊದಲೇ ನಾಮಕರಣ ಆದಂತೆ.

1969ರ 302ಗೆ ಬಳಕೆಯಾದ ಎರಕದ ಸಂಖ್ಯೆ ಮೂರು: 3932386, 3956618, 3970010. ಕೊನೆಯದರ ಬಗ್ಗೆ ಎಚ್ಚರ. ಅದೇ 3970010 ಬ್ಲಾಕನ್ನು 1970ರ ದಶಕದುದ್ದಕ್ಕೂ ಲೆಕ್ಕವಿಲ್ಲದಷ್ಟು 350 ಇಂಜಿನ್‌ಗಳಿಗೆ, ಟ್ರಕ್ಕುಗಳಿಗೆ ಹಾಕಿದ್ದಾರೆ. ತಾರೀಖಿನಲ್ಲಿ ವರ್ಷದ ಒಂದೇ ಅಂಕಿ ಇರುವುದರಿಂದ ಆ 9 ಎಂಬುದು 1979ರದ್ದೂ ಆಗಿರಬಹುದು. ಆದ್ದರಿಂದ ಸಂಖ್ಯೆ ಸರಿಯಿದೆ ಎಂಬಲ್ಲಿಗೆ ನಿಲ್ಲಿಸಬೇಡಿ.

ಇಂಜಿನ್ ಬೇರೆ ಕಾರಿನದು, ಆದರೆ ತಾರೀಖು ಹೊಂದುವಂತೆ ಹುಡುಕಿ ಹಾಕಿದ್ದಾರೆ ಎಂದರೆ ಅದು ‘ಡೇಟ್ ಕರೆಕ್ಟ್’. ಮಾರುವವರು ಇದನ್ನು ‘ಮ್ಯಾಚಿಂಗ್’ ಎಂದು ಕರೆಯುವುದುಂಟು. ಅಲ್ಲ.

6. ಗೇರ್‌ಬಾಕ್ಸ್, ಹಿಂದಿನ ಆಕ್ಸಲ್

ಬೇಗ ಮುಗಿಯುವ ಕೆಲಸ. ಕಾರನ್ನು ಸರಿಯಾದ ಸ್ಟ್ಯಾಂಡ್ ಮೇಲೆ ನಿಲ್ಲಿಸಿದರೆ ಮಾತ್ರ ಕೆಳಗೆ ಹೋಗಿ. ಬರೀ ಜ್ಯಾಕ್ ನಂಬಿ ಹೋಗಬೇಡಿ. ಮನ್ಸಿ ಎಂಬ ನಾಲ್ಕು ಗೇರಿನ ಪೆಟ್ಟಿಗೆ ಇರಬೇಕು. ಅದರ ಮೇಲೂ ಪಿ ಅಕ್ಷರದಿಂದ ಶುರುವಾಗುವ ತಾರೀಖು, ಜೊತೆಗೆ ಕಾರಿನ ಸರದಿ ಸಂಖ್ಯೆ ಇರುತ್ತದೆ. ಹಿಂದಿನ ಡಿಫರೆನ್ಷಿಯಲ್ ಮುಚ್ಚಳದ ಬೋಲ್ಟ್ ಎಣಿಸಿ: 12 ಇರಬೇಕು. 10 ಇದ್ದರೆ ಅದು ಸಾಧಾರಣ ಕಮಾರೋದ್ದು. ಆಕ್ಸಲ್ ಕೊಳವೆಯ ಮೇಲೂ ಸಂಕೇತ ಮತ್ತು ತಾರೀಖು ಇದೆ. ಅದನ್ನೂ ಸರದಿಗೆ ಸೇರಿಸಿ.

ಕೆಳಗಿರುವಾಗಲೇ ಆಯಸ್ಕಾಂತ ತೆಗೆದು ಹಿಂದಿನ ಚಕ್ರದ ಮೇಲಿನ ಬಾಡಿ, ಬಾಗಿಲ ಕೆಳ ಅಂಚಿಗೆಲ್ಲ ಅಂಟಿಸಿ ನೋಡಿ. ಅಂಟದೆ ಜಾರಿದರೆ ಒಳಗೆ ತಗಡಿಲ್ಲ, ಪುಟ್ಟಿ ಇದೆ.

7. ಕಾಗದಪತ್ರ

ಷೆವ್ರಲೆಯ ವಿಷಯದಲ್ಲಿ ಒಂದು ಕಹಿ ಸತ್ಯ: ಅಮೆರಿಕದಲ್ಲಿ ಮಾರಾಟವಾದ ಆ ಕಾಲದ ಕಮಾರೋಗೆ ವಿನ್ ಕೊಟ್ಟು ‘ಈ ಕಾರಿಗೆ ಏನೇನು ಹಾಕಿದ್ದಿರಿ’ ಎಂದು ಕಂಪನಿಯನ್ನು ಕೇಳಿದರೆ ಉತ್ತರ ಸಿಗುವುದಿಲ್ಲ. ಕೆನಡಾದಲ್ಲಿ ಮಾರಾಟವಾಗಿದ್ದರೆ ಅದೃಷ್ಟ. ಅಲ್ಲಿನ ದಾಖಲೆ ಉಳಿದಿದೆ. ಉಳಿದವರು ಕಾರಿನ ಜೊತೆ ಬಂದ ಕಾಗದವನ್ನೇ ನೆಚ್ಚಬೇಕು. ಬೆಲೆಬಾಳುವವು ಮೂರು: ಗಾಜಿಗೆ ಅಂಟಿಸಿದ್ದ ಬೆಲೆಪಟ್ಟಿ, ವಾರಂಟಿ ಪುಸ್ತಕದೊಳಗಿನ ‘ಪ್ರೊಟೆಕ್ಟ್-ಓ-ಪ್ಲೇಟ್’ ಎಂಬ ಅಲ್ಯೂಮಿನಿಯಂ ತಗಡು, ಮತ್ತು ‘ಬಿಲ್ಡ್ ಶೀಟ್’, ಅಂದರೆ ಕಾರು ಜೋಡಿಸುವವರು ನೋಡಿಕೊಳ್ಳುತ್ತಿದ್ದ ಹಾಳೆ. ಈ ಹಾಳೆ ಪೆಟ್ರೋಲ್ ಟ್ಯಾಂಕಿನ ಮೇಲೋ, ಸೀಟಿನ ಸ್ಪ್ರಿಂಗಿನೊಳಗೋ ಸಿಕ್ಕಿಕೊಂಡು ಉಳಿದಿರುವುದುಂಟು. ಇವೆಲ್ಲಕ್ಕೂ ನಕಲಿ ಇದೆ. ಕಾಗದದಲ್ಲಿರುವ ಇಂಜಿನ್ ಸಂಖ್ಯೆ, ತಾರೀಖು ಲೋಹದ ಮೇಲಿರುವುದಕ್ಕೆ ಹೊಂದಬೇಕು. ಹೊಂದದ ಕಾಗದಕ್ಕೆ ಫ್ರೇಮ್ ಹಾಕಿದ್ದರೂ ಬೆಲೆಯಿಲ್ಲ.

ಬೇರೆ ಕಂಪನಿಯ ಕಾರು ನೋಡುತ್ತಿದ್ದೀರಾ? ಕೆಲಸ ಸುಲಭ. ಪಾಂಟಿಯಾಕ್ ಆದರೆ ಪಿಎಚ್‌ಎಸ್ ಎಂಬ ಸೇವೆ ದುಡ್ಡು ಕಟ್ಟಿಸಿಕೊಂಡು 1961ರಿಂದೀಚಿನ ಕಾರುಗಳ ಮೂಲ ಬಿಲ್ಲಿನ ದಾಖಲೆ ಕೊಡುತ್ತದೆ. 1966ರಿಂದ 1971ರವರೆಗಿನ ಜಿಟಿಒ ಆದರೆ ವಿನ್ 242 ಎಂದೇ ಶುರುವಾಗುತ್ತದೆ. ಫೋರ್ಡ್ ಮಸ್ಟಾಂಗ್ ವಿನ್‌ನ ಐದನೇ ಅಕ್ಷರವೇ ಇಂಜಿನ್ ಹೇಳುತ್ತದೆ: 1969ರಲ್ಲಿ ಜಿ ಅಂದರೆ ಬಾಸ್ 302, ಝೆಡ್ ಅಂದರೆ ಬಾಸ್ 429. 1967ರಿಂದೀಚಿನ ಫೋರ್ಡ್‌ಗೆ ಮಾರ್ಟಿ ರಿಪೋರ್ಟ್ ತರಿಸಿಕೊಳ್ಳಿ. ಡಾಡ್ಜ್, ಪ್ಲಿಮತ್‌ಗಳಲ್ಲೂ ಐದನೇ ಅಕ್ಷರ ಇಂಜಿನಿನದು. 1969ರಲ್ಲಿ ಜೆ ಅಂದರೆ 426 ಹೆಮಿ, ಎಲ್ ಅಂದರೆ 440. ಮರುವರ್ಷ ಹೆಮಿಗೆ ಆರ್ ಆಯಿತು, ಆದ್ದರಿಂದ ಇಸವಿ ನೋಡಿಕೊಂಡು ಓದಿ. ಷೆವ್ರಲೆಯದೇ ಇನ್ನೊಂದು ಕಾರು ಷೆವೆಲ್ ಎಸ್‌ಎಸ್ ಮಾತ್ರ ತಲೆನೋವು: 1968ರವರೆಗೆ ಎಸ್‌ಎಸ್396ಗೆ ವಿನ್‌ನಲ್ಲಿ 138 ಇತ್ತು, 1969ರಿಂದ ಅದೂ ಹೋಯಿತು.

8. ಸ್ಟಾರ್ಟ್ ಮಾಡಿಸಿ: ಯಾವ ಸದ್ದು ರೋಗ, ಯಾವುದು ಸಹಜ

ಬರುವ ಮೊದಲೇ ಹೇಳಿಬಿಡಿ, ‘ನಾನು ಬರುವವರೆಗೂ ಸ್ಟಾರ್ಟ್ ಮಾಡಬೇಡಿ’ ಎಂದು. ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ಬಿಸಿಯಿದ್ದರೆ ಯಾವುದೋ ಕಾಯಿಲೆ ಮುಚ್ಚಿಟ್ಟಿರಬಹುದು.

ಮೊದಲು ಭಯ ಬೇಡದ ಸದ್ದು. 302ರಲ್ಲಿ ‘ಸಾಲಿಡ್ ಲಿಫ್ಟರ್’ ಇದೆ. ಅಂದರೆ ವಾಲ್ವ್ ಎತ್ತುವ ತುಂಡು ಗಟ್ಟಿ ಲೋಹದ್ದು, ಅದರ ಸಂದು ಕೈಯಿಂದ ಹೊಂದಿಸಬೇಕು. ಬಿಸಿ ಇಂಜಿನಿನಲ್ಲಿ ಕಾರ್ಖಾನೆಯ ಅಳತೆ 0.030 ಇಂಚು. ಹಾಗಾಗಿ ಹೊಲಿಗೆ ಯಂತ್ರದಂತೆ ಟಕಟಕ ಬರಲೇಬೇಕು, ನಿಂತಲ್ಲಿ ಒರಟಾಗಿ ಅಲುಗಲೂ ಬೇಕು. ರೇಷ್ಮೆಯಂತೆ ಸದ್ದಿಲ್ಲದೆ ನಡೆದರೆ ಕ್ಯಾಮ್ (ವಾಲ್ವ್‌ಗಳನ್ನು ಎತ್ತಿಸುವ ದಂಡ) ಬದಲಾಗಿದೆ, ಇಲ್ಲವೇ ಒಳಗಿರುವುದು 302 ಅಲ್ಲ. ಆದರೆ ಒಂದೇ ಕಡೆಯಿಂದ, ಒಂದೇ ಸದ್ದು ಜೋರಾಗಿ ಬಂದರೆ ಅದು ಕ್ಯಾಮ್ ಸವೆದದ್ದಿರಬಹುದು. ಇಂತಹ ಕ್ಯಾಮಿಗೆ ಸತುವಿನ ಅಂಶ ಜಾಸ್ತಿಯಿರುವ ಆಯಿಲ್ ಬೇಕು. ಈಗಿನ ಕಾರಿನ ಆಯಿಲ್‌ನಲ್ಲಿ ಅದು ಕಮ್ಮಿ.

ಈಗ ತೊಂದರೆಗಳು, ನಾನು ಹೆಚ್ಚು ಕಂಡ ಕ್ರಮದಲ್ಲೇ.

*ಸೆಲ್ಫ್ ಹೊಡೆಯುವಾಗ ಹತ್ತುತ್ತದೆ, ಕೀ ಬಿಟ್ಟ ಕೂಡಲೇ ಸಾಯುತ್ತದೆ.* ಇಂಜಿನ್ ಬಿಚ್ಚಬೇಡಿ. ಸೆಲ್ಫ್ ಹೊಡೆಯುವಾಗ ಕಾಯಿಲ್‌ಗೆ ಪೂರ್ತಿ ಕರೆಂಟ್ ಹೋಗುತ್ತದೆ. ಕೀ ಬಿಟ್ಟ ಮೇಲೆ ಕರೆಂಟನ್ನು ತಗ್ಗಿಸುವ ಬೇರೆ ದಾರಿಯಲ್ಲಿ ಹೋಗುತ್ತದೆ. ಆ ಎರಡನೇ ದಾರಿ ಕಡಿದಿದೆ. ಡಾಡ್ಜ್, ಪ್ಲಿಮತ್‌ಗಳಲ್ಲಿ ಅದು ಹಿಂಗೋಡೆಯ ಮೇಲಿನ ಬಿಳಿ ಪಿಂಗಾಣಿ ತುಂಡು, ‘ಬ್ಯಾಲಸ್ಟ್ ರೆಸಿಸ್ಟರ್’. ಅವರೆಲ್ಲ ಡ್ಯಾಶ್ ಪೆಟ್ಟಿಗೆಯಲ್ಲಿ ಒಂದು ಸ್ಪೇರ್ ಇಟ್ಟುಕೊಂಡೇ ತಿರುಗುತ್ತಾರೆ. ಕಮಾರೋದಲ್ಲಿ ಅದೇ ಕೆಲಸಕ್ಕೆ ವಿಶೇಷ ವೈರ್ ಇದೆ. ಮಲ್ಟಿಮೀಟರಿನಲ್ಲಿ ಎರಡು ನಿಮಿಷದ ಪರೀಕ್ಷೆ.

*ಕಾರು ಬಿಸಿಯಾದ ಮೇಲೆ ಸೆಲ್ಫ್ ಬರೀ ‘ಟಕ್’ ಅನ್ನುತ್ತದೆ.* ಎಕ್ಸಾಸ್ಟ್ ಹೆಡರ್ ಕೊಳವೆಗಳು ಸ್ಟಾರ್ಟರ್ ಮೋಟಾರಿಗೆ ಅಂಟಿಕೊಂಡಂತೆ ಹೋಗುತ್ತವೆ, ಅದು ಬೆಂದುಹೋಗುತ್ತದೆ. ಮೊದಲು ಬ್ಯಾಟರಿ ಕೇಬಲ್ ಮತ್ತು ಅರ್ಥಿಂಗ್ ಶುಚಿ ಮಾಡಿ, ಆಮೇಲೆ ಶಾಖ ತಡೆಯುವ ಹೊದಿಕೆ ಹಾಕಿ. ಹೊಸ ಸ್ಟಾರ್ಟರ್ ಕೊನೆಗೆ.

*ಬೆಳಿಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆಯಬೇಕು.* ಇಂಜಿನ್ ಆಫ್ ಇರಲಿ. ಏರ್ ಕ್ಲೀನರ್ ಮುಚ್ಚಳ ತೆಗೆದು, ಕಾರ್ಬುರೇಟರ್ ಬಾಯಿಯೊಳಗೆ ಟಾರ್ಚ್ ಬಿಟ್ಟು, ಥ್ರಾಟಲ್ ಕಡ್ಡಿಯನ್ನು ಕೈಯಿಂದ ಒಮ್ಮೆ ಎಳೆಯಿರಿ. ಎರಡು ಸಣ್ಣ ಪೆಟ್ರೋಲ್ ಎಳೆ ಚಿಮ್ಮಬೇಕು. ಚಿಮ್ಮದಿದ್ದರೆ ಕಾರ್ಬುರೇಟರಿನ ಬಟ್ಟಲು ರಾತ್ರಿ ಖಾಲಿಯಾಗಿದೆ: ಸೋರಿದೆ, ಇಲ್ಲವೇ ಆವಿಯಾಗಿದೆ. ಈಗಿನ ಎಥನಾಲ್ ಬೆರೆತ ಪೆಟ್ರೋಲ್ ಬೇಗ ಆರುತ್ತದೆ, ಹಳೆ ರಬ್ಬರ್ ಪೈಪನ್ನೂ ಮೆತ್ತಗೆ ಮಾಡಿಬಿಡುತ್ತದೆ. ಪೈಪ್ ಜಿಗುಟಾಗಿದ್ದರೆ ಆ ದಿನ ಓಡಿಸಬೇಡಿ. ಅಗ್ನಿಶಾಮಕ ಸಿಲಿಂಡರ್ ತನ್ನಿ ಎಂದದ್ದು ಇದಕ್ಕೇ.

*ಮಿಸ್ಸಿಂಗ್, ಪಿಕಪ್ ಇಲ್ಲ.* ಎಲ್ಲರೂ ಕಾರ್ಬುರೇಟರಿನ ಸ್ಕ್ರೂ ತಿರುಗಿಸಲು ಓಡುತ್ತಾರೆ. ಬೇಡ. ಮೊದಲು ಕರೆಂಟಿನ ಕಡೆ ನೋಡಿ. ಅಂಬಾಸಿಡರ್ ಓಡಿಸಿದವರಿಗೆ ಪಾಯಿಂಟು, ಕಂಡೆನ್ಸರು ಹೊಸದಲ್ಲ ಅಲ್ವಾ? ಇಲ್ಲೂ ಅದೇ. ಪಾಯಿಂಟ್ ಮುಚ್ಚಿರುವ ಕೋನ, ಅಂದರೆ ‘ಡ್ವೆಲ್’, 30 ಡಿಗ್ರಿ ಸುಮಾರಿಗೆ ಇರಬೇಕು. ಆಮೇಲೆ ಪ್ಲಗ್ ವೈರ್. ಷೆವ್ರಲೆ ವಿ8 ಉರಿಯುವ ಕ್ರಮ 1-8-4-3-6-5-7-2. 5 ಮತ್ತು 7 ಒಂದರ ಹಿಂದೆ ಒಂದು ಉರಿಯುತ್ತವೆ, ಡ್ರೈವರ್ ಬದಿಯಲ್ಲಿ ಪಕ್ಕಪಕ್ಕದಲ್ಲೇ ಇವೆ. ಇವೆರಡರ ವೈರನ್ನು ತಾಗಿಸಿ ಕಟ್ಟಿದರೆ ಒಂದರ ಕಿಡಿ ಇನ್ನೊಂದಕ್ಕೆ ಹಾರುತ್ತದೆ. ದೂರ ಮಾಡಿ, ನಡುವೆ ಬೇರೆ ವೈರ್ ಬರುವಂತೆ ಹಾಯಿಸಿ.

*ಟೈಮಿಂಗ್ ಸರಿಯಿದೆ, ಆದರೂ ಸರಿಯಿಲ್ಲ.* ಮುಂದಿನ ಗುಂಡು ‘ಬ್ಯಾಲೆನ್ಸರ್’ ಎರಡು ಬಳೆಗಳದ್ದು, ನಡುವೆ ರಬ್ಬರ್. ಐವತ್ತು ವರ್ಷ ದಾಟಿದ ರಬ್ಬರ್ ಜಾರಿ ಹೊರಬಳೆ ಸರಿದರೆ ಅದರ ಮೇಲಿನ ಗುರುತೂ ಸರಿಯುತ್ತದೆ. ಟೈಮಿಂಗ್ ಲೈಟ್ ಸುಳ್ಳು ಹೇಳುತ್ತದೆ. ಮೊದಲ ಸಿಲಿಂಡರಿನ ಪ್ಲಗ್ ಜಾಗದಲ್ಲಿ ‘ಪಿಸ್ಟನ್ ಸ್ಟಾಪ್’ (ಪಿಸ್ಟನ್ನನ್ನು ತಡೆದು ನಿಲ್ಲಿಸುವ ಉಪಕರಣ) ಹಾಕಿ, ಕೈಯಿಂದ ಇಂಜಿನ್ ತಿರುಗಿಸಿ, ನಿಜವಾದ ಮೇಲ್ತುದಿ ಕಂಡುಕೊಳ್ಳಿ. ಈ ಇಂಜಿನಿನ ಕಂಪ್ರೆಷನ್ 11:1. ಪ್ರೀಮಿಯಂ ಪೆಟ್ರೋಲ್ ಹಾಕಿದರೂ ಟೈಮಿಂಗ್ ಜಾಸ್ತಿ ಮುಂದಿದ್ದರೆ ನಾಕಿಂಗ್ ಶುರುವಾಗಿ ಪಿಸ್ಟನ್ ಹಾಳಾಗುತ್ತದೆ.

*ಓವರ್‌ಹೀಟ್.* ಯಾವಾಗ ಎಂದು ಕೇಳಿ. ಸಿಗ್ನಲ್‌ನಲ್ಲಿ ನಿಂತಾಗ ಮಾತ್ರವಾದರೆ ಗಾಳಿಯ ಸಮಸ್ಯೆ: ಫ್ಯಾನ್, ಅದರ ಕ್ಲಚ್, ಸುತ್ತಲ ಶ್ರೌಡ್ (ಗಾಳಿ ಹಾಯಿಸುವ ಕವಚ). ಹೈವೇಯಲ್ಲಿ ಓಡುವಾಗ ಆದರೆ ನೀರಿನ ಸಮಸ್ಯೆ: ರೇಡಿಯೇಟರ್ ಕಟ್ಟಿದೆ, ಇಲ್ಲವೇ ಕೆಳಗಿನ ಹೋಸ್ ಒಳಕ್ಕೆ ಸೊಟ್ಟಗಾಗುತ್ತಿದೆ.

9. ರಿಪೇರಿಗೆ ಬಿಡುವಾಗ

ಕಾರು ಅಸಲಿ ಎಂದು ಖಾತ್ರಿಯಾಗಿ ಕೊಂಡಿರಿ ಎಂದುಕೊಳ್ಳೋಣ. ಪಾಯಿಂಟ್ ಕಾಟ ಸಾಕಾಗಿ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸುವುದರಲ್ಲಿ ತಪ್ಪಿಲ್ಲ. ಆದರೆ ಹಳೆ ಡಿಸ್ಟ್ರಿಬ್ಯೂಟರ್ ಬಿಸಾಡಬೇಡಿ. ಅದರ ಅಲ್ಯೂಮಿನಿಯಂ ಪಟ್ಟಿಯ ಮೇಲೂ ಸಂಖ್ಯೆ, ತಾರೀಖಿದೆ. ‘ಹಾಲಿ’ (Holley) ಕಂಪನಿಯ ಮೂಲ ಕಾರ್ಬುರೇಟರಿಗೂ ಅದೇ ಮಾತು. ಪೆಟ್ಟಿಗೆಗೆ ಹಾಕಿ, ಹೆಸರು ಬರೆದು, ಅಟ್ಟದ ಮೇಲಿಡಿ.

ಇಂಜಿನ್ ಬಿಚ್ಚಿ ಮೆಷಿನ್ ಶಾಪಿಗೆ ಕೊಡುವಾಗ ಜಾಸ್ತಿ ಎಚ್ಚರ ಬೇಕು. ಬ್ಲಾಕಿನ ಮೇಲ್ಮೈ ಸಮ ಮಾಡಲು ಅವರು ಒಂದು ಪದರ ತೇಯುತ್ತಾರೆ, ‘ಡೆಕ್ಕಿಂಗ್’ ಎನ್ನುತ್ತಾರೆ. ಸ್ಟಾಂಪ್ ಪ್ಯಾಡ್ ಅದೇ ಮಟ್ಟದಲ್ಲಿದೆ. ಸುಮ್ನೆ ಯಂತ್ರಕ್ಕೆ ಕೊಟ್ಟರೆ ಅಚ್ಚು, ಬ್ರೋಚ್ ಗುರುತು ಎರಡೂ ಹತ್ತು ನಿಮಿಷದಲ್ಲಿ ಮಾಯ. ಆಮೇಲೆ ಯಾವ ಕಾಗದ ತೋರಿಸಿದರೂ ಕೊಳ್ಳುವವರು ನಂಬುವುದಿಲ್ಲ. ಕೊಡುವ ಮೊದಲು ಪ್ಯಾಡಿನ ಫೋಟೋ ಓರೆ ಬೆಳಕಿನಲ್ಲಿ ತೆಗೆಯಿರಿ, ಪೆನ್ಸಿಲ್ ಉಜ್ಜಿ ಅಚ್ಚು ತೆಗೆದಿಡಿ. ಕೆಲಸದ ಚೀಟಿಯಲ್ಲಿ ‘ಪ್ಯಾಡ್ ಮುಟ್ಟಬಾರದು’ ಎಂದು ಬರೆಸಿ ಸಹಿ ಹಾಕಿಸಿಕೊಳ್ಳಿ. ಬ್ಲಾಕಿನ ಆ ಮೂಲೆಗೆ ಕೆಂಪು ಟೇಪ್ ಸುತ್ತಿ, ಯಂತ್ರದ ಮುಂದೆ ನಿಲ್ಲುವವರಿಗೆ ನೀವೇ ಬೆರಳಿಟ್ಟು ತೋರಿಸಿ ಬನ್ನಿ.